ಎರಡು ಕಿವಿಗೆ ಇಬ್ಬರು ತಮ್ಮಂದಿರು

ತಾನಾದರೂ ಹೀಗೆಯೇ ಹೇಳುತ್ತಿದ್ದೆನೇ? ಹೇಳುತ್ತಿದ್ದೆನೇನೋ. ಅಥವಾ ಈಗ ಹೇಳಿದ್ದು ತಾನೇ ಇರಬಹುದೇ? ಮೈಕಿನ ಮುಂದೆ ಕೂತಿದ್ದ ಗವಿಸಿದ್ಧನಿಗೆ ಆ ಹೊತ್ತು ತನ್ನ ಬಾಯಿಯ ಮೇಲೆಯೇ ನಂಬಿಕೆ ಹೋಗಿತ್ತು. ತುಟಿ ಬಿಚ್ಚಿರಲಿಲ್ಲ. ಆದರೂ ಸ್ಪೀಕರಿನಿಂದ ಅವನದೇ ದನಿ ಬರುತ್ತಿತ್ತು. ಕೊಪ್ಪಳದ ಅದೇ ಎಳೆತ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅದೇ ಸಣ್ಣ ಕೆಮ್ಮು.

"ಅಕ್ಕಾ, ಎಡಗಿವಿಯೊಳಗ ಮಾತಾಡೋನು ನಾ ಅಲ್ಲ. ಅವ ಅಣಕ. ಅವ ಕೊಡೋ ಅಂಕಿ ತಗೋಬ್ಯಾಡ."

ಎಡಗಿವಿಯವನೇ ನಿಜವಾದ ಗವಿಸಿದ್ಧ. ಅದನ್ನು ತೋರಿಸಿಕೊಡುವ ದಾರಿ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ನಾನೂರು ಕಿಲೋಮೀಟರ್ ಮೇಲೆ, 'ಗೀಜಗ' ಎಂಬ ಒಂಟಿ ಆಸನದ ನೌಕೆಯಲ್ಲಿ, ಅವನ ಅಕ್ಕ ದಾನೇಶ್ವರಿ ಬೆಲ್ಟು ಬಿಗಿದುಕೊಂಡು ಕೂತಿದ್ದಳು. ಅವಳ ಎಡಗಿವಿಗೆ ನೆಲದ ಮುಖ್ಯ ದಾರಿ ಕೇಳುತ್ತಿತ್ತು, ಬಲಗಿವಿಗೆ ತುರ್ತು ದಾರಿ. ಎರಡೂ ತುಂಗಭದ್ರೆಯ ಹಿನ್ನೀರಿನ ದಂಡೆಯ ಈ ನಿಯಂತ್ರಣ ನಿಲ್ದಾಣದಿಂದಲೇ ಹೊರಟು, ಬೇರೆಬೇರೆ ಪ್ರಸಾರ ಉಪಗ್ರಹಗಳ ಮೂಲಕ ಅವಳನ್ನು ಮುಟ್ಟಬೇಕಿತ್ತು. ಬೆಳಿಗ್ಗೆಯಿಂದ ತುರ್ತು ದಾರಿ ಕೈತಪ್ಪಿತ್ತು. ಯಾರೋ ಆ ದಾರಿಯ ಉಪಗ್ರಹದೊಳಕ್ಕೆ ನುಸುಳಿ ಕೂತಿದ್ದರು. ಮೊದಲು ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ಹಬೀಬಾ ಮುಲ್ಲಾ ಅವರ ದನಿಯಲ್ಲಿ ಮಾತಾಡಿದರು. ಎರಡು ಕಿವಿಯಲ್ಲಿ ಇಬ್ಬರು ಮುಲ್ಲಾ ಮೇಡಂ ಜಗಳಾಡುವುದನ್ನು ಕೇಳಿ ಕೇಳಿ ದಾನೇಶ್ವರಿ ಹೇಳಿದ್ದಳು: "ಇಬ್ರೂ ಸಾಕು ಮಾಡ್ರಿ. ನನ್ನ ತಮ್ಮನ್ನ ಕರೀರಿ." ನಿಲ್ದಾಣದ ಭದ್ರತಾ ಎಂಜಿನಿಯರ್ ಆಗಿದ್ದ ಗವಿಸಿದ್ಧ ಮೂಲೆಯ ಕುರ್ಚಿಯಿಂದ ಎದ್ದು ಬಂದು ಮೈಕು ಹಿಡಿದ. ಅವನು ಎರಡು ಮಾತು ಆಡುವಷ್ಟರಲ್ಲಿ ಬಲಗಿವಿಯಲ್ಲೂ ಒಬ್ಬ ಗವಿಸಿದ್ಧ ಹುಟ್ಟಿಕೊಂಡ.

ಗೀಜಗದಲ್ಲಿ, ಬಾಹ್ಯಾಕಾಶದ ಪ್ರಯೋಗಾಲಯದಲ್ಲಿ ಅವಳು ತಿಂಗಳುಗಟ್ಟಲೆ ಇದ್ದು ತೂಕವಿಲ್ಲದ ಕಡೆ ಬೆಳೆಸಿದ ಔಷಧದ ಹರಳುಗಳಿದ್ದವು. ಕಳ್ಳರಿಗೆ ಬೇಕಿದ್ದದ್ದು ಅವು. ಅವರು ಕೊಡುವ ಅಂಕಿಯಂತೆ ಎಂಜಿನ್ ಉರಿಸಿದರೆ ನೌಕೆ ಕಡಿದಾದ ಇಳಿಜಾರಿನಲ್ಲಿ ಜಾರಿ, ದೂರದ ಸಮುದ್ರದಲ್ಲಿ ಅವರ ಹಡಗಿನ ಬಳಿ ಬೀಳುತ್ತಿತ್ತು. ಆ ಇಳಿಜಾರಿನ ಒತ್ತಡವನ್ನು ಹರಳು ತಡೆಯುತ್ತದೆ, ಮನುಷ್ಯರ ಎದೆಗೂಡು ತಡೆಯುವುದಿಲ್ಲ. ನೌಕೆಯ ಕಂಪ್ಯೂಟರಿನ ಗುಪ್ತಕೀಲಿ ಸೋರಿದ್ದರಿಂದ ದಾನೇಶ್ವರಿ ಅದನ್ನು ನಿಯಮದಂತೆ ಆರಿಸಿಬಿಟ್ಟಿದ್ದಳು. ಈಗ ಯಾವಾಗ, ಯಾವ ಕೋನದಲ್ಲಿ, ಎಷ್ಟು ಹೊತ್ತು ಉರಿಸಬೇಕೆಂಬುದನ್ನು ನೆಲದವರು ಬಾಯಲ್ಲಿ ಹೇಳಬೇಕು, ಅವಳು ಕೈಯಲ್ಲಿ ಮಾಡಬೇಕು. ಇನ್ನೊಂದು ಸುತ್ತು ಕಾಯುವಷ್ಟು ಬ್ಯಾಟರಿ ಇರಲಿಲ್ಲ. ಈ ಸುತ್ತಿನಲ್ಲೇ ಅವಳು ಒಬ್ಬನನ್ನು ನಂಬಲೇಬೇಕಿತ್ತು.

ಅಣಕವೆಂಬ ದನಿ ಕದಿಯುವ ಯಂತ್ರ ಬಂದು ಆಗಲೇ ಆರೇಳು ವರ್ಷವಾಗಿತ್ತು. ಒಬ್ಬರ ಮಾತನ್ನು ಒಂದಿಷ್ಟು ಹೊತ್ತು ಕೇಳಿಸಿದರೆ ಸಾಕು, ಆ ಯಂತ್ರ ಅವರ ದನಿಯಲ್ಲಿ ಆಡುತ್ತಿತ್ತು. ಹಳೆಯ ಮೆಸೇಜುಗಳೂ ಸಿಕ್ಕಿದರೆ ಅವರ ತಲೆಯಿಂದಲೇ ಯೋಚಿಸಿದಂತೆ ಆಡುತ್ತಿತ್ತು. ಮೊದಮೊದಲು ಜನ ಮೋಸಹೋದರು, ಆಮೇಲೆ ಹುಷಾರಾದರು. ಫೋನಿನಲ್ಲಿ ಸಾವಿನ ಸುದ್ದಿ ಬಂದರೆ ಯಾರೂ ಅಳುತ್ತಿರಲಿಲ್ಲ. ಕಣ್ಣಾರೆ ಕಂಡವನೊಬ್ಬ ಬಂದು ಹೊಸ್ತಿಲಲ್ಲಿ ನಿಂತು ಹೇಳಿದ ಮೇಲೆಯೇ ಅಳು. ಮಗಳು ಹೆತ್ತ ಸುದ್ದಿಗೂ ಹಾಗೆಯೇ, ಸಕ್ಕರೆ ಹಿಡಿದು ಒಬ್ಬರು ಬರಬೇಕಿತ್ತು. ಹಾಗಾಗಿ ಬಸ್ಸುಗಳಲ್ಲಿ ಸುದ್ದಿ ಹೇಳಲೆಂದೇ ಹೊರಟವರು ಇರುತ್ತಿದ್ದರು. ಪಕ್ಕದಲ್ಲಿ ಕೂತವರು ಅವರ ಮುಖ ನೋಡಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಂದಾಜು ಮಾಡುತ್ತಿದ್ದರು.

ದಾನೇಶ್ವರಿ ಉಡಾವಣೆಗೆ ಹೊರಡುವ ಹಿಂದಿನ ದಿನ ಕೊಪ್ಪಳದ ಅವಳ ಮನೆಯಲ್ಲಿ ಇದೇ ಮಾತು ಬಂದಿತ್ತು. ಮಗಳು ಶಾಂಭವಿ ತಾನೇ ಹೊಲಿದುಕೊಂಡ ಬೆಳ್ಳಿ ಬಣ್ಣದ ಅಂಗಿ ತೊಟ್ಟು, ಕ್ಯಾಪ್ಟನ್ ವಿಭಾಳಂತೆ ಸೊಂಟದ ಮೇಲೆ ಕೈಯಿಟ್ಟು ಓಡಾಡುತ್ತಿದ್ದಳು. ವಿಭಾ ಒಂದು ಹಳೆಯ ಧಾರಾವಾಹಿಯ ನಾಯಕಿ. ಗವಿಸಿದ್ಧನ ಬಾಲ್ಯದಲ್ಲಿ ಭಾನುವಾರ ಸಂಜೆ ಟೀವಿಯಲ್ಲಿ ಬರುತ್ತಿದ್ದ ಅದು ಈಗಿನ ಮಕ್ಕಳಿಗೂ ಹುಚ್ಚು ಹಿಡಿಸಿತ್ತು. ವಿಭಾ ತನ್ನ ನೌಕೆಗೆ 'ಬಾಗಿಲು ತೆರೆ' ಎಂದರೆ ಸಾಕು, ಅದು ಅವಳ ದನಿ ಗುರುತಿಸಿ ತೆರೆದುಕೊಳ್ಳುತ್ತಿತ್ತು. ಶಾಂಭವಿ ಅದನ್ನು ಹೊಗಳುತ್ತಿದ್ದಾಗ, ಊಟಕ್ಕೆ ಕೂತಿದ್ದ ಗವಿಸಿದ್ಧ ಅಪರೂಪಕ್ಕೆ ಬಾಯಿ ಬಿಟ್ಟು ಅದು ಜಗತ್ತಿನ ಅತಿ ದಡ್ಡ ಬೀಗ ಎಂದ. ಮಾತಾಡಿದಷ್ಟೂ ಬೀಗದ ಕೈ ಊರಿಗೆ ಹಂಚಿದಂತೆ ಎಂದ. ಅವನ ಪಾಲಿಗೆ ಅದೇ ಭಾಷಣ.

ದಾನೇಶ್ವರಿಯ ಗಂಡ ಚನ್ನವೀರ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಬಾಮೈದನನ್ನು ಕೆಣಕದಿದ್ದರೆ ಅವನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

"ನಿನಗೇನು ಚಿಂತಿ ಬಿಡೋ. ನಿನ್ನ ದನಿ ಕದೀಬೇಕಂದ್ರ ಮೊದಲ ನೀ ಮಾತಾಡಬೇಕಲ್ಲ. ಕಳ್ಳರು ಆರು ತಿಂಗಳು ಕಿವಿ ಹಚ್ಚಿ ಕುಂತು, ಬ್ಯಾಸತ್ತು, ಬ್ಯಾರೆ ಮನಿ ನೋಡ್ಕೊಂತಾರ."

ಎಲ್ಲರೂ ನಕ್ಕರು. ನಗಲಾರದ ಒಂದು ಸಂಗತಿ ಗವಿಸಿದ್ಧನಿಗೆ ಗೊತ್ತಿತ್ತು. ಅಣಕವನ್ನು ಪತ್ತೆಹಚ್ಚುವ ಯಂತ್ರವನ್ನು ನಿಲ್ದಾಣದಲ್ಲಿ ಕಟ್ಟಿದ್ದು ಅವನೇ. ಮೊದಲ ದಿನ ಪರೀಕ್ಷೆಗೆಂದು ತನ್ನ ದನಿಯನ್ನೇ ಕೊಟ್ಟಾಗ, ಯಂತ್ರ ತಡಮಾಡದೆ 'ಇದು ಅಣಕ' ಎಂದು ತೀರ್ಪು ಕೊಟ್ಟಿತ್ತು. ಏರಿಳಿತವಿಲ್ಲದ ಒಣ ಮಾತು ಅವನದು. ಸಹೋದ್ಯೋಗಿಗಳು ವಾರಗಟ್ಟಲೆ ನಕ್ಕಿದ್ದರು. ಅವನು ಯಂತ್ರವನ್ನು ತಿದ್ದಿದ್ದ. ಆದರೆ ಅದು ಹೇಳಿದ್ದು ಅವನೊಳಗೆ ಉಳಿದುಬಿಟ್ಟಿತ್ತು. ತನ್ನಂಥವನನ್ನು ತಾನೆಂದು ಯಾರು, ಯಾವುದರಿಂದ ಗುರುತು ಹಿಡಿಯಬೇಕು?

ಈಗ ಆ ಪತ್ತೆಯಂತ್ರ ಬಲಗಿವಿಯವನನ್ನು ಅಣಕವೆಂದು ಸರಿಯಾಗಿಯೇ ತೋರಿಸುತ್ತಿತ್ತು. ಉಪಯೋಗವೇನು? ಅದು ತೋರಿಸುತ್ತಿದ್ದದ್ದು ನೆಲದ ಮೇಲೆ. ಮೇಲಿದ್ದವಳಿಗೆ ಇದ್ದದ್ದು ಎರಡು ಕಿವಿ ಮಾತ್ರ. 'ನನ್ನ ಯಂತ್ರ ಅವನನ್ನು ಸುಳ್ಳ ಅನ್ನುತ್ತಿದೆ' ಎಂದು ಇವನೂ ಹೇಳಿದ, ಅವನೂ ಹೇಳಿದ.

ದಾನೇಶ್ವರಿ ಪ್ರಶ್ನೆ ಕೇಳತೊಡಗಿದಳು. ಗೀಜಗ ತನಗೆ ಕೇಳಿದ್ದನ್ನೆಲ್ಲ ಕೆಳಗೂ ಮರಳಿಸುತ್ತಿದ್ದುದರಿಂದ ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳುತ್ತಿತ್ತು. ಅದಕ್ಕೆ ಒಮ್ಮೆ ಎಡಗಿವಿಯವನು ಮೊದಲು ಹೇಳಬೇಕು, ಒಮ್ಮೆ ಬಲಗಿವಿಯವನು ಎಂದು ತಾಕೀತು ಮಾಡಿದಳು. ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ತನ್ನನ್ನು ಏನೆಂದು ಕರೆಯುತ್ತಿದ್ದ ಎಂದು ಬಲಗಿವಿಯವನನ್ನು ಕೇಳಿದಳು. "ಸಿಗ್ನಲ್" ಎಂದ ಅವನು, ಸಿಟ್ಟು ಬಂದರೆ ಅವಳ ಮುಖ ಕೆಂಪಾಗುತ್ತಿತ್ತೆಂಬುದನ್ನೂ ಸೇರಿಸಿ. ಅವ್ವ ತೀರಿಕೊಂಡ ವರ್ಷ ಕ್ವಾರ್ಟರ್ಸಿನ ಹಿತ್ತಲಲ್ಲಿ ಯಾವ ಗಿಡ ಒಣಗಿತು ಎಂದು ಎಡಗಿವಿಯವನನ್ನು ಕೇಳಿದಳು. ಗವಿಸಿದ್ಧ "ನುಗ್ಗಿ" ಎಂದ. ಅಷ್ಟೇ. ಬಲಗಿವಿಯವನು ಹಿಂದೆಯೇ, ಒಣಗಿದ ಮೇಲೂ ನೀನು ಅದಕ್ಕೆ ಎಷ್ಟೋ ದಿನ ನೀರು ಹಾಕಿದೆಯಲ್ಲ ಅಕ್ಕಾ ಎಂದ. ಅದೂ ನಿಜವೇ. ಅಕ್ಕ ಯಾವಾಗಲೋ ಕುಟುಂಬದ ಗ್ರೂಪಿನಲ್ಲಿ ಬರೆದಿದ್ದಳು. ಕುಟುಂಬದ ಇಪ್ಪತ್ತು ವರ್ಷದ ಹರಟೆ ಕಳ್ಳರ ಕೈಯಲ್ಲಿತ್ತು.

ಮೈಕನ್ನು ಮುಚ್ಚಿ ಮುಲ್ಲಾ ಮೇಡಂ ಮೆಲ್ಲಗೆ ಗದರಿದರು. "ಒಂದೊಂದ ಶಬ್ದ ಉದುರಿಸ್ತೀಯಲ್ಲಪಾ. ಅವ ನೋಡು, ಹೆಂಗ ಕರುಳು ಕಿತ್ತು ಬರೋಹಂಗ ಮಾತಾಡ್ತಾನ. ಹಿಂಗಾದ್ರ ಅವನೇ ಖರೆ ತಮ್ಮ ಅನಿಸ್ಕೊಂತಾನ."

ಗವಿಸಿದ್ಧನಿಗೂ ಅದೇ ಭಯ. ನಿಜವೆಂದರೆ, ತಾನು ಆಗಬಹುದಿದ್ದ ತಮ್ಮನಂತೆ ಮಾತಾಡುತ್ತಿದ್ದ ಅವನು.

ಅಷ್ಟರಲ್ಲಿ ಗೇಟಿನಿಂದ ಸುದ್ದಿ ಬಂತು. ಗೀಜಗ ಆಕಾಶದಲ್ಲಿ ಉರಿದು ಬೂದಿಯಾದ ವಿಡಿಯೋ ಒಂದು ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ನೆಲದವರನ್ನು ಗಾಬರಿಗೊಳಿಸಲು ಕಳ್ಳರೇ ಬಿಟ್ಟದ್ದು. ಶಾಂಭವಿ ಅದನ್ನು ನೋಡಿ ಅಪ್ಪನಿಗೆ ತೋರಿಸಿದ್ದಳು. ಚನ್ನವೀರ ಒಂದು ಮಾತಾಡದೆ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಿಲ್ದಾಣಕ್ಕೆ ಬಂದು, ಗೇಟಿನಾಚೆಯ ಬೇವಿನ ಮರದ ಕೆಳಗೆ ಕೂತಿದ್ದ. ಕಂಡವರು ಬಂದು ಹೇಳುವ ತನಕ ಯಾವುದನ್ನೂ ನಂಬುವುದಿಲ್ಲ, ಆದರೆ ಹೇಳುವವರಿಗೆ ದೂರವಾಗಬಾರದೆಂದು ತಾನೇ ಇಲ್ಲಿಗೆ ಬಂದಿದ್ದೇನೆ ಎಂದನಂತೆ. ಒಳಗೆ ಕರೆದರೆ ಬರಲಿಲ್ಲ, ತನ್ನ ಮುಖ ಕಂಡರೆ ಗವಿಯ ಗಮನ ಕೆಡುತ್ತದೆ ಎಂದ.

ಮೇಲೆ ದಾನೇಶ್ವರಿ ಪ್ರಶ್ನೆ ನಿಲ್ಲಿಸಿದ್ದಳು. ಗಡಿಯಾರ ನೋಡುವ ಧೈರ್ಯ ಕೊಠಡಿಯಲ್ಲಿ ಯಾರಿಗೂ ಇರಲಿಲ್ಲ. ಆಮೇಲೆ ಅವಳ ದನಿ ಬಂತು. ಆಯಾಸದ ದನಿ, ಆದರೆ ಬೇರೆ ತಾಳದ್ದು.

"ಇಬ್ರಿಗೂ ಒಂದು ಕಥಿ ಹೇಳ್ತೀನಿ. ಹೂಂ ಅನ್ನಬೇಕು. ಇಬ್ರೂನೂ."

ಗವಿಸಿದ್ಧನ ಬೆನ್ನು ನೆಟ್ಟಗಾಯಿತು. ರೈಲ್ವೆ ಕ್ವಾರ್ಟರ್ಸಿನಲ್ಲಿ ಭಾನುವಾರ ಸಂಜೆ ಕ್ಯಾಪ್ಟನ್ ವಿಭಾಳ ಧಾರಾವಾಹಿ ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಹೆಚ್ಚುಕಡಿಮೆ ಪ್ರತಿ ವಾರ. ಉಳಿದ ಅರ್ಧವನ್ನು ಅಕ್ಕ ಕತ್ತಲಲ್ಲಿ ತನ್ನ ತಲೆಯಿಂದಲೇ ಕಟ್ಟಿ ಹೇಳುತ್ತಿದ್ದಳು. ಕೇಳುವವನು ಹೂಂ ಅನ್ನಲೇಬೇಕು, ಅದು ಎಲ್ಲ ಮನೆಯ ಕಥೆಗಳ ಕಟ್ಟಳೆ. ಹೂಂ ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಎಷ್ಟೋ ವರ್ಷದ ಮೇಲೆ ಧಾರಾವಾಹಿಯನ್ನು ಪೂರ್ತಿ ನೋಡಿದಾಗ ಅವನಿಗೆ ನಿರಾಸೆಯಾಗಿತ್ತು. ಅಕ್ಕನ ಅರ್ಧಗಳೇ ಚೆನ್ನಾಗಿದ್ದವು.

ಅವಳು ಶುರುಮಾಡಿದಳು. ಕ್ಯಾಪ್ಟನ್ ವಿಭಾಳ ನೌಕೆ ಶನಿಯ ಬಳೆಗಳ ಹತ್ತಿರ ಕೆಟ್ಟು ನಿಂತಿತ್ತಂತೆ.

"ಹೂಂ" ಎಂದ ಗವಿಸಿದ್ಧ.

"ಹೂಂ" ಎಂದ ಬಲಗಿವಿಯವನು.

ಹೊರಗಿನ ಕೊಳವೆಯೊಂದು ಬಿರುಕು ಬಿಟ್ಟಿತ್ತಂತೆ. ರಿಪೇರಿ ಮಾಡಲು ಯಾರಾದರೂ ಹೊರಗೆ ಹೋಗಬೇಕಿತ್ತಂತೆ. ಇಬ್ಬರೂ ಹೂಂಗುಟ್ಟಿದರು. ಹುಡುಗರನ್ನು ಕಳಿಸುವುದಿಲ್ಲ ಎಂದು ವಿಭಾ ತಾನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಟಳಂತೆ. ಹೂಂ, ಹೂಂ. ಕೆಳಗೆ ಕಪ್ಪು, ಮೇಲೆ ಕಪ್ಪು. ಅವಳು ಕೊಳವೆಗೆ ಬೆಸುಗೆ ಹಾಕಿದಳು, ಗಾಳಿ ಸೋರುವುದು ನಿಂತಿತು. ಹೂಂ, ಹೂಂ. ಬಲಗಿವಿಯವನ ಹೂಂ ಚೊಕ್ಕವಾಗಿತ್ತು. ಎಲ್ಲೆಲ್ಲಿ ಬೇಕೋ ಅಲ್ಲಲ್ಲೇ ಬೀಳುತ್ತಿತ್ತು, ಒಳ್ಳೆಯ ಮೃದಂಗದವನ ಪೆಟ್ಟಿನಂತೆ.

"ತಿರುಗಿ ಬರೋಣಂತ ಹಗ್ಗ ಜಗ್ಗಿದ್ಲು. ಹಗ್ಗ ಹಗುರಕ ಕೈಗೆ ಬಂತು. ಆ ಕಡೆ ತುದಿ ಕಡದಿತ್ತು."

"ಹೂಂ" ಎಂದ ಬಲಗಿವಿಯವನು.

ಎಡಗಿವಿಯಿಂದ ಏನೂ ಬರಲಿಲ್ಲ.

ಗವಿಸಿದ್ಧ ಮೈಕಿನ ಮುಂದೆಯೇ ಇದ್ದ. ಮೈಕು ತೆರೆದೇ ಇತ್ತು. ಅವನ ಎರಡೂ ಕೈ ಮೇಜಿನ ಅಂಚನ್ನು ಹಿಡಿದಿದ್ದವು, ಕಣ್ಣು ಎಲ್ಲೋ ಇತ್ತು. ಮುಲ್ಲಾ ಮೇಡಂ ಅವನ ಭುಜ ಹಿಡಿದು ಅಲುಗಿಸಿದರು, ಅನ್ನು ಎಂದು ಸನ್ನೆ ಮಾಡಿದರು. ಅವನಿಗೆ ತಿಳಿಯದೆ ಇರಲಿಲ್ಲ. ಒಂದೇ ಅಕ್ಷರ. ಅದನ್ನು ಅಂದರೆ ಕಥೆ ಮುಂದೆ ಹೋಗುತ್ತದೆ, ಮುಂದೆ ಹೋದರೆ ವಿಭಾ ಏನಾದಳೆಂದು ಗೊತ್ತಾಗಿಬಿಡುತ್ತದೆ. ಬಾಯಿ ಏಳಲಿಲ್ಲ.

ಬಲಗಿವಿಯವನು ಆ ಸಂದನ್ನು ಬಿಡಲಿಲ್ಲ.

"ನೋಡಿದ್ಯಾ ಅಕ್ಕಾ? ಅವಗ ಮುಂದ ತಿಳೀಲಿಲ್ಲ, ಸುಮ್ಮನಾದ. ನಾನ ನಿನ್ನ ಗವಿ. ಅವ್ವ ಹೋದಮ್ಯಾಲೆ ನೀನ ನನಗ ಅವ್ವ ಆದಿ. ನೀ ಸಾಲಿ ಬಿಟ್ಟು ಒಂದು ವರ್ಷ ನನ್ನ ಜೋಪಾನ ಮಾಡಿದ್ದು ನಾ ಮರತಿಲ್ಲ. ನೀ ಮ್ಯಾಲೆ ಹೋದ ದಿನದಿಂದ ನನಗ ನಿದ್ದಿ ಇಲ್ಲ. ಒಮ್ಮೆನೂ ನಿನಗ ಇದನ್ನ ಹೇಳಿಲ್ಲ, ಈಗ ಹೇಳಾಕತ್ತೀನಿ. ನನ್ನ ಅಂಕಿ ತಗೋ, ಮನಿಗೆ ಬಾ."

ಕೊಠಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಮಾತಿನ ಎದುರು ಯಾವ ಅಕ್ಕ ತಾನೇ ನಿಲ್ಲುತ್ತಾಳೆ? ಗವಿಸಿದ್ಧ ತಲೆ ತಗ್ಗಿಸಿದ್ದ.

ಮೇಲಿನಿಂದ ಉಸಿರೊಂದು ಕೇಳಿಸಿತು. ಅದು ಅಳುವೋ ನಗುವೋ ಗೊತ್ತಾಗಲಿಲ್ಲ. ಮಾತು ಬಂದ ಮೇಲೆ ನಗು ಎಂದು ತಿಳಿಯಿತು.

"ಹೂಂ ನಿಂತ್ರ ಹುಡುಗ ಮಲಗ್ಯಾನ ಅಂತ ಮಂದಿ ತಿಳೀತಾರ. ನಮ್ಮ ಗವಿದು ಹೂಂ ನಿಂತ್ರ, ಅವ ಎದ್ದು ಕುಂತಾನ ಅಂತ ಅರ್ಥ. ಕಥಿಯೊಳಗ ಯಾರರೆ ಒಂಟಿ ಆಗಿ ಉಳದ್ರು ಅಂದ್ರ ಅವ ಉಸಿರು ಹಿಡದ ಕೂಡತಿದ್ದ, ಎದ್ದಾನೇನಂತ ಕತ್ತಲಾಗ ಕೈ ಚಾಚಿ ನೋಡತಿದ್ದೆ ನಾ." ಆಮೇಲೆ ಎಡಗಿವಿಯವನಿಗೆ ಹೇಳಿದಳು: "ಸುಮ್ಮನ ಕುಂತಾವನ, ಅಂಕಿ ಹೇಳಪಾ."

ಬಲಗಿವಿಯವನು ಮತ್ತೇನೋ ಶುರುಮಾಡಿದ. ಟಕ್ ಎಂದು ಸದ್ದಾಯಿತು. ಅವಳು ಆ ಕಿವಿಯ ಫೋನನ್ನು ಕಿತ್ತಿದ್ದಳು.

ಗವಿಸಿದ್ಧ ಅಂಕಿ ಓದಿದ. ಅದೇ ಒಣ ದನಿ, ಅದೇ ಏರಿಳಿತವಿಲ್ಲದ ಮಾತು. ಕೋನ, ಕಾಲ, ಉರಿಯ ಅವಧಿ. ಅವಳು ಒಂದೊಂದನ್ನೂ ಮರುನುಡಿದು, ಪ್ರತಿ ಸಲವೂ ಅವನು "ಹೂಂ" ಎಂದ ಮೇಲೆಯೇ ಮುಂದಿನದಕ್ಕೆ ಹೋದಳು. ಎಂಜಿನ್ ಹೊತ್ತಿತು. ನೌಕೆ ವಾತಾವರಣದ ಅಂಚು ಮುಟ್ಟಿತು. ಸುತ್ತ ಬೆಂಕಿ ಕವಿದು ರೇಡಿಯೋ ಸತ್ತಿತು. ಆ ಮೌನದಲ್ಲಿ ಮುಲ್ಲಾ ಮೇಡಂ ಪ್ರಾರ್ಥಿಸುತ್ತಿದ್ದರು, ಇನ್ನೊಬ್ಬರು ಉಗುರು ಕಚ್ಚುತ್ತಿದ್ದರು. ಗವಿಸಿದ್ಧ ಮಾತ್ರ ಆರಾಮವಾಗಿ ಕೂತಿದ್ದ. ಮೌನ ಅವನಿಗೆ ಗೊತ್ತಿದ್ದ ಊರು.

"ತಂಪೈತಿ ನೀರು" ಎಂಬುದು ಅವಳ ಮೊದಲ ಮಾತು. ಕಾರವಾರದಾಚೆ, ಕಾದಿದ್ದ ದೋಣಿಗಳ ಕಣ್ಣಳತೆಯಲ್ಲೇ ಗೀಜಗ ಕಿತ್ತಳೆ ಬಣ್ಣದ ಪ್ಯಾರಾಚೂಟನ್ನು ನೀರಿನ ಮೇಲೆ ಹಾಸಿಕೊಂಡು ತೇಲುತ್ತಿತ್ತು. ಕೊಠಡಿಯಲ್ಲಿ ಕುರ್ಚಿಗಳು ಉರುಳಿದವು. ಎಂದೂ ನಗದ ಮುಲ್ಲಾ ಮೇಡಂ ಗವಿಸಿದ್ಧನ ಬೆನ್ನಿಗೆ ಗುದ್ದಿದ ಗುದ್ದು ಅವನಿಗೆ ಎರಡು ದಿನ ನೋಯಿತು. ಕೇಕೆಯ ನಡುವೆ ಅವನು ಎದ್ದು ಹೊರಗೆ ನಡೆದ. ಬಿಸಿಲಿನಲ್ಲಿ ಗೇಟಿನ ತನಕ ಹೋಗಿ ಬೇವಿನ ಮರದ ಕೆಳಗೆ ನಿಂತ.

"ಇಳದ್ಲು, ಮಾವ. ನಾ ಕೇಳಿ ಬಂದೀನಿ" ಎಂದ.

ಇಡೀ ಮಧ್ಯಾಹ್ನ ಕಲ್ಲಿನಂತೆ ಕೂತಿದ್ದ ಚನ್ನವೀರ ಆಗ ಅತ್ತ. ಶಾಂಭವಿ ಬೆಳ್ಳಿ ಅಂಗಿಯ ತೋಳಿನಿಂದ ಅಪ್ಪನ ಮುಖ ಒರೆಸಿದಳು.

ಕಳ್ಳರ ಹಡಗನ್ನು ಆ ವಾರವೇ ಹಿಡಿದರು. ಅದಕ್ಕಿಂತ ದೊಡ್ಡದು ಆಮೇಲೆ ಆದದ್ದು. ಗವಿಸಿದ್ಧ ಆ ದಿನದ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದ. ಅಣಕ ಕದಿಯುವುದು ಮನುಷ್ಯರು ಆಡಿದ್ದನ್ನು. ಕೇಳಿದ ರೀತಿಯನ್ನು ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ. ಅಲ್ಲದೆ ಯಂತ್ರಕ್ಕೆ ಮುಂದೇನೆಂದು ಕಾತರವಿಲ್ಲ, ಮಾತು ಮುಗಿದ ಕಡೆ ಹೂಂ ಇಡುತ್ತದೆ ಅಷ್ಟೇ. ಒಬ್ಬೊಬ್ಬ ಮನುಷ್ಯ ಒಂದೊಂದು ಕಡೆ ತಡೆಯುತ್ತಾನೆ, ಒಂದೊಂದು ಕಡೆ ಅವಸರಪಡುತ್ತಾನೆ, ಅದೂ ಹೇಳುವವರು ಯಾರೆಂಬುದರ ಮೇಲೆ ಬದಲಾಗುತ್ತದೆ. ಅದನ್ನೇ ಅಳೆಯುವ 'ಕೇಳುವ ಬೀಗ'ವನ್ನು ಅವನು ಕಟ್ಟಿದ. ವರ್ಷ ತುಂಬುವುದರೊಳಗೆ ಎಲ್ಲ ನೌಕೆಗಳಲ್ಲೂ ಅದೇ ಬಂತು. ಫೋನುಗಳಲ್ಲಿ ಬರುವ ತನಕ ಜನ ಕಾಯಲಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ದಪ್ಪ ಮೀಸೆಯ ಗಂಡಸರು ಫೋನು ಹಿಡಿದು ತಮ್ಮ ಹೆಂಡಂದಿರಿಗೆ ಕಥೆ ಹೇಳುವುದು, ಆ ಕಡೆಯ ಹೂಂಗೆ ಕಿವಿಗೊಟ್ಟು, "ಹಾಂ, ನೀನ ಹೌದು" ಎಂದು ಆಮೇಲೆ ಸುದ್ದಿಗೆ ಬರುವುದು ಮಾಮೂಲಾಯಿತು. ಮತ್ತೆ ಜನ ದೂರದಿಂದಲೇ ಒಬ್ಬರನ್ನೊಬ್ಬರು ನಂಬತೊಡಗಿದರು. ಸಂತೋಷದ ಸುದ್ದಿಗೆ ಫೋನಿನಲ್ಲೇ ನಕ್ಕರು, ದುಃಖಕ್ಕೆ ಫೋನಿನಲ್ಲೇ ಅತ್ತರು.

ದಾನೇಶ್ವರಿ ಮನೆಗೆ ಬಂದ ಮೊದಲ ಭಾನುವಾರ ಅಡುಗೆಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಇದ್ದರು. ತಿಂಗಳುಗಟ್ಟಲೆ ತೂಕವಿಲ್ಲದೆ ಇದ್ದ ಅವಳ ಕೈ ರೊಟ್ಟಿ ಬಡಿಯುವಾಗ ಇನ್ನೂ ಸೋಲುತ್ತಿತ್ತು. ಆದರೂ ಬಡಿಯುವುದು ಬಿಟ್ಟಿರಲಿಲ್ಲ. ಅವನು ಒಲೆಯ ಪಕ್ಕ ತಟ್ಟೆ ಹಿಡಿದು ಕೂತಿದ್ದ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ಅವನ ಕಡೆ ನೋಡದೆ ಅವಳು ಕೇಳಿದಳು.

"ಅವತ್ತು ಅವ ಹೇಳಿದ್ದರಾಗ ಸುಳ್ಳು ಯಾವುದು?"

"ಅಂಕಿ" ಎಂದ ಗವಿಸಿದ್ಧ.

"ಅಷ್ಟ ಏನು?"

ಅವನು ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತಿದ. ಇನ್ನೊಂದಿಷ್ಟು ಮೊಸರು ಹಾಕೆಂದು ತಟ್ಟೆಯನ್ನು ಮುಂದೆ ಸರಿಸಿದ. ಅವಳು ಹಾಕಿದಳು.

ಉಳಿದದ್ದೆಲ್ಲ ನಿಜವೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.